ಇನ್‌ಸ್ಪೆಕ್ಟರಮ್ಮನ ಬಾಣಂತನ

ಹೊಲಿಗೆ ಅಂಗಡಿ,
ಮಾರ್ಚ್ ೧೨, ಮಧ್ಯಾಹ್ನ

ನನ್ನ ಮನೆಯೊಡತಿಗೆ,

ಬೆನ್ನುನೋವು ಕಡಿಮೆಯಾಯಿತೇ? ಮಗು ನಿನಗೆ ನಿದ್ದೆ ಮಾಡಲು ಬಿಡುತ್ತದೆಯೇ? ಅತ್ತೆಯ ಮಂಡಿ ಹೇಗಿದೆ? ಆಸ್ಪತ್ರೆಯಿಂದ ತವರಿಗೆ ಹೋಗಿ ಹನ್ನೊಂದು ದಿನವಾದರೂ ನಾನು ಯಾಕೆ ಬಂದಿಲ್ಲ ಎಂದು ಕೇಳಿದ್ದೀಯ. ಶಾಲೆಯ ಸಮವಸ್ತ್ರಗಳ ರಾಶಿ ತಲೆಯ ಮೇಲೆ ಕೂತಿದೆ. ಅದು ಸಾಲದೆಂದು ನಿನ್ನ ಬೆಕ್ಕು ಇನ್‌ಸ್ಪೆಕ್ಟರಮ್ಮನ ಬಾಣಂತನವೂ ನನ್ನ ಕೊರಳಿಗೆ ಬಿದ್ದಿದೆ.

ಬಟ್ಟೆ ಚೂರು ಹಾಕುವ ಬುಟ್ಟಿಯಲ್ಲಿ ಮೂರು ಮರಿ ಹಾಕಿದ್ದಾಳೆ, ಮೂರೂ ಒಂದೇ ಬೂದುಬಣ್ಣ. ಬುಟ್ಟಿಯನ್ನು ಇಸ್ತ್ರಿ ಮೇಜಿನ ಕೆಳಗೆ ಬೆಚ್ಚಗೆ ಇಟ್ಟೆ, ಹಳೆಯ ಲೈನಿಂಗ್ ಬಟ್ಟೆ ಹಾಸಿದೆ, ಮೀನು ಬೇಯಿಸಿ ಮುಳ್ಳು ಬಿಡಿಸಿ ಕೊಟ್ಟೆ. ಗಿರಾಕಿಗಳನ್ನು ಗದರಿಸುತ್ತಿದ್ದವಳು ಈಗ ನನ್ನನ್ನೂ ಗದರಿಸುತ್ತಾಳೆ. ಅಲ್ಲಿಯವರೆಗೆ ಎಲ್ಲ ಸರಿಯಿತ್ತು, ಆಮೇಲೆ ನನ್ನ ಬುದ್ಧಿವಂತಿಕೆ ಅಡ್ಡ ಬಂತು. ಯಾವ ಮರಿ ಹಾಲು ಕುಡಿಯಿತು, ಯಾವುದು ಬಿಟ್ಟಿತು ಎಂದು ಗೊತ್ತಾಗುತ್ತಿರಲಿಲ್ಲ. ಗಿರಾಕಿಗಳ ಬಟ್ಟೆ ಅದಲುಬದಲಾಗದಂತೆ ಗುರುತು ಕಟ್ಟುತ್ತೇನಲ್ಲ, ಹಾಗೆಯೇ ಮೂರರ ಹಿಂಗಾಲಿಗೂ ಒಂದೊಂದು ಬಣ್ಣದ ದಾರ ಕಟ್ಟಿಬಿಟ್ಟೆ.

ನಿನ್ನೆ ಬೆಳಿಗ್ಗೆ ನೋಡಿದರೆ, ತಾಯಿ ನೆಕ್ಕಿ ನೆಕ್ಕಿ ಕೆಂಪು ದಾರದ ಗಂಟು ಬಿಗಿದು, ಆ ಮರಿಯ ಪಾದ ಊದಿ ನೇರಳೆಯಾಗಿತ್ತು. ನೀಲಿ ದಾರ ಕಳಚಿ ಬುಟ್ಟಿಯಲ್ಲಿ ಬಿದ್ದಿತ್ತು. ಹಳದಿ ದಾರ ಎಲ್ಲೂ ಇಲ್ಲ. ತಾಯಿ ಮೀನನ್ನು ಮೂಸಿಯೂ ನೋಡಲಿಲ್ಲ. ಇಪ್ಪತ್ತು ವರ್ಷ ಕತ್ತರಿ ಹಿಡಿದವನು ನಾನು, ಆ ಒಂದೆಳೆ ದಾರ ಕತ್ತರಿಸಲು ಆಗಲಿಲ್ಲ, ಎರಡು ಸಲ ಪಾದದವರೆಗೆ ಕತ್ತರಿ ಒಯ್ದು ಹಿಂದಕ್ಕೆಳೆದುಕೊಂಡೆ. ಬುಟ್ಟಿ ಸಮೇತ ಪ್ರಾಣಿಗಳ ಡಾಕ್ಟರಮ್ಮನ ಬಳಿಗೆ ಓಡಿದೆ. ಅವರು ಸರಕ್ಕನೆ ಕತ್ತರಿಸಿ, "ಇವೇನು ಪ್ಯಾಂಟ್ ಬಟ್ಟೇನಾ, ಗುರುತು ಕಟ್ಟೋಕೆ?" ಎಂದರು. ಪಾದಕ್ಕೇನೂ ಆಗುವುದಿಲ್ಲವಂತೆ. ಆದರೆ ತಾಯಿ ಹಳದಿ ದಾರ ನುಂಗಿದ್ದರೆ ಅದು ಕರುಳಿಗೆ ಸಿಕ್ಕಿಕೊಳ್ಳಬಹುದಂತೆ. "ಎರಡು ದಿನ ಕಣ್ಣಿಟ್ಟಿರಿ, ವಾಂತಿ ಮಾಡಿದ್ರೆ ತಕ್ಷಣ ಕರ್ಕೊಂಡು ಬನ್ನಿ" ಎಂದು ಕಳಿಸಿದರು.

ಅಂಗಡಿಯ ಬಾಗಿಲು ಅರ್ಧ ಎಳೆದು ಬುಟ್ಟಿಯ ಪಕ್ಕದಲ್ಲೇ ಕೂತಿದ್ದೇನೆ. ಅವಳು ಸೀನಿದರೂ ನನ್ನ ಜೀವ ಬಾಯಿಗೆ ಬರುತ್ತದೆ. ಮಿಷನ್ನಿನ ಕೆಳಗೆ, ಕಸದ ಡಬ್ಬಿಯಲ್ಲಿ, ನನ್ನ ಪ್ಯಾಂಟಿನ ಮಡಿಕೆಯಲ್ಲಿ ಕೂಡ ಹುಡುಕಿದೆ. ಹಳದಿ ದಾರದ ಚೂರುಗಳಿಗೆ ದರ್ಜಿಯ ಅಂಗಡಿಯಲ್ಲಿ ಬರವೇ? ಗಂಟು ಹಾಕಿದ್ದೊಂದು ಮಾತ್ರ ಸಿಗಲಿಲ್ಲ. ಮರಿಗಳಿಗೆ ಮೊಲೆ ಕೊಡುತ್ತ ಅವಳು ನನ್ನನ್ನೇ ನೋಡುತ್ತಾಳೆ. ಹೆದರಿಕೆಯಾಗುತ್ತಿದೆ ಕಣೇ. ಇವಳಿಗೇನಾದರೂ ಆದರೆ ಕಣ್ಣು ಬಿಡದ ಆ ಮೂರಕ್ಕೆ ಯಾರು ದಿಕ್ಕು?

ಅತ್ತೆಗೆ ನನ್ನ ನಮಸ್ಕಾರ ಹೇಳು. ಹೊತ್ತುಹೊತ್ತಿಗೆ ಉಣ್ಣು. ಮಗುವಿಗೊಂದು ಮುತ್ತು ಕೊಡು.

ನಿನ್ನ ದರ್ಜಿ

ಮರೆತ ಮಾತು: ಲಕೋಟೆ ಅಂಟಿಸುವ ಹೊತ್ತಿಗೆ ಎರಡು ತುಂಡು ಮೀನು ತಿಂದಳು, ವಾಂತಿಯಾಗಿಲ್ಲ. ಇನ್ನೊಂದು ವಿಷಯ. ಸಮವಸ್ತ್ರಗಳು ಹೋದ ವಾರವೇ ಮುಗಿದಿವೆ. ಆಸ್ಪತ್ರೆಯಲ್ಲಿ ನೀನು ಮಲಗಿದ್ದಾಗ ಮಗುವನ್ನು ಎತ್ತಿಕೊಂಡೆ ಎಂದಿದ್ದೆನಲ್ಲ, ಅದೂ ಸುಳ್ಳು. ನರ್ಸ್ ಕೊಡಲು ಬಂದಾಗ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತೆ. ನಾನಿನ್ನೂ ನಮ್ಮ ಮಗುವನ್ನು ಮುಟ್ಟಿಲ್ಲ. ಭಾನುವಾರ ಬರುತ್ತೇನೆ. ನಾನು ಕೂತುಕೊಂಡ ಮೇಲೆ ನನ್ನ ತೊಡೆಯ ಮೇಲೆ ಮಲಗಿಸು. ನೀನು ಮಾತ್ರ ಕೈ ತೆಗೆಯಬೇಡ.