ಮೀನಾಕ್ಷಿಯ ಎರಡು ವರ್ಷ

ತರೀಕೆರೆ,
ಪ್ರಭವ ಸಂವತ್ಸರದ ಜ್ಯೇಷ್ಠ ಶುದ್ಧ ಪಂಚಮಿ, ೧೯೨೭

ಸೌಭಾಗ್ಯವತಿ ಕೆಂಚಮ್ಮನಿಗೆ,

ಸಖರಾಯಪಟ್ಟಣದ ಲಕ್ಷ್ಮೀಪತಯ್ಯನವರ ಮಗಳು ರಾಧಮ್ಮ ಎಂಬ ನಾನು, ಅಜ್ಜಂಪುರದಲ್ಲಿ ಎರಡು ಸಲ ಸೇರಿ ಇಪ್ಪತ್ತೆರಡು ವರ್ಷ, ನಡುವೆ ಕಡೂರಿನಲ್ಲಿ ಏಳು ವರ್ಷ, ಒಟ್ಟು ಇಪ್ಪತ್ತೊಂಬತ್ತು ವರ್ಷ ಸರ್ಕಾರದ ಹೆಣ್ಣುಮಕ್ಕಳ ಶಾಲೆಗಳಲ್ಲಿ ಉಪಾಧ್ಯಾಯಿನಿಯಾಗಿದ್ದು ಹೋದ ವರ್ಷ ನಿವೃತ್ತಳಾಗಿ ತರೀಕೆರೆಗೆ ಬಂದು ನೆಲೆಸಿದವಳು. ಇದೆಲ್ಲ ನಿನಗೆ ತಿಳಿಯದ್ದಲ್ಲ. ಆದರೆ ಈ ಪತ್ರವನ್ನು ನೀನು ನಿನ್ನ ಯಜಮಾನ ತಮ್ಮಯ್ಯನವರಿಗೂ ಓದಿ ಹೇಳಬೇಕಾಗುತ್ತದೆ. ಮಾತನಾಡುತ್ತಿರುವವಳು ಯಾರೆಂಬುದು ಅವರಿಗೆ ಮೊದಲ ಸಾಲಿನಲ್ಲೇ ನೆನಪಾಗಲಿ.

ನಿನ್ನ ಕಾಗದ ತಲಪಿತು. "ಮೇಷ್ಟ್ರಮ್ಮಾರೇ, ಮೀನಾಕ್ಷಿನ ಬೆಂಗ್ಳೂರಿನ ಬೋರ್ಡಿಂಗ್ ಶಾಲೆಗೆ ಹಾಕ್ತಾ ಇದೀವಿ, ಒಳ್ಳೆ ನಡತೆ ಅಂತ ಒಂದ್ ಚೀಟಿ ಬರ್ದ್ಕೊಡಿ, ವಯಸ್ಸಿನ ಮಾತು ಮಾತ್ರ ಎತ್ತಬ್ಯಾಡಿ" ಎಂದಿದ್ದೀಯೆ. ಚೀಟಿಯನ್ನು ಬರೆಯುವುದಿಲ್ಲ. ವಯಸ್ಸಿನ ಮಾತನ್ನೇ ಎತ್ತುತ್ತೇನೆ.

ಮೊದಲು ನನ್ನ ತಪ್ಪು. ನಮ್ಮ ಕಡೆ ಹೆಣ್ಣುಮಗುವನ್ನು ಶಾಲೆಗೆ ಸೇರಿಸುವಾಗ ಎರಡು ವರ್ಷ ಇಳಿಸಿ ಬರೆಸುವ ಪದ್ಧತಿ ಎಂದಿನಿಂದಲೂ ಇದೆ. ಗಂಡಿನ ಕಡೆಯವರು ವಿಚಾರಿಸಿದರೆ ಶಾಲೆಯ ಪುಸ್ತಕ ತೋರಿಸಿ "ಇನ್ನೂ ಚಿಕ್ಕವಳು" ಎನ್ನಬಹುದಲ್ಲ! ಎಷ್ಟೋ ತಾಯಂದಿರು ಬೇಡಿಕೊಂಡರು. "ನಿಮ್ಮ ಮಗು ಹುಟ್ಟಿದಾಗ ನಾನಿರಲಿಲ್ಲ ಕಣಮ್ಮ, ಆದ್ರೆ ಹಾಲುಹಲ್ಲು ಬಿದ್ದಿರೋದು ನಂಗೂ ಕಾಣ್ತದೆ" ಎಂದು ಎಲ್ಲರ ಬಾಯನ್ನೂ ಮುಚ್ಚಿಸುತ್ತಿದ್ದೆ.

ಬಗ್ಗಿದ್ದು ನಿನಗೊಬ್ಬಳಿಗೆ. ಏಳು ವರ್ಷದ ಹಿಂದೆ, ಮುಂದಿನ ಎರಡು ಹಲ್ಲೂ ಬಿದ್ದಿದ್ದ ಮೀನಾಕ್ಷಿಯ ಕೈ ಹಿಡಿದು ನೀನು ಬಂದೆ. "ಐದು ಅಂತ ಬರ್ಕೊಳ್ಳಿ. ಪುಸ್ತಕದಾಗೆ ಚಿಕ್ಕವಳಾಗಿದ್ರೆ ಇನ್ನೆರಡು ವರ್ಷ ಹೆಚ್ಗೆ ಓದ್ಲಿ ಅಂತಾರೆ ನಮ್ಮತ್ತೆ" ಎಂದೆ. ನಾನು ಏಳರ ಜಾಗದಲ್ಲಿ ಐದು ಬರೆದೆ.

ಏಕೆ ಬರೆದೆನೆಂದು ನೀನು ಎಂದೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಿನಗೆ ಹತ್ತು ವರ್ಷವಾದಾಗ ನಿನ್ನ ತಂದೆ ದೊಡ್ಡಬೀರಪ್ಪ ಶಾಲೆಯ ಜಗಲಿಯಲ್ಲಿ ನಿಂತು, "ಸಾಕು ಕಣ್ರೀ ಮೇಷ್ಟ್ರಮ್ಮ, ಇವಳೇನು ಅಮಲ್ದಾರಿಕೆ ಮಾಡ್ಬೇಕಾ?" ಎಂದು ನಕ್ಕರು. ಮಾಡಬಲ್ಲಳು ಎನ್ನುವ ಮಾತು ನನ್ನ ನಾಲಗೆಯ ತುದಿಯಲ್ಲಿತ್ತು. ಆಡಲಿಲ್ಲ. ನಿನ್ನ ಹೆಸರಿನ ಮುಂದೆ "ಶಾಲೆ ಬಿಟ್ಟಳು" ಎಂದು ಬರೆದು ಸಹಿ ಮಾಡಿದೆ. ನೀನು ಭಾಗಾಕಾರದ ಲೆಕ್ಕವನ್ನು ಅರ್ಧಕ್ಕೆ ಬಿಟ್ಟು, ಹಲಗೆಯನ್ನು ಒರೆಸದೆ ನನ್ನ ಮೇಜಿನ ಮೇಲಿಟ್ಟು ಹೋದೆ. ಅಂದು ಆಡದೆ ಉಳಿದ ಮಾತಿಗೆ ಪ್ರಾಯಶ್ಚಿತ್ತವೆಂದು ನಿನ್ನ ಮಗಳ ಹೆಸರಿನಲ್ಲಿ ಒಂದು ಸುಳ್ಳನ್ನು ಬರೆದೆ. ಹೇಡಿತನಕ್ಕೆ ಸುಳ್ಳು ಪ್ರಾಯಶ್ಚಿತ್ತವಾಗದು ಎಂಬುದು ನನಗೆ ತಿಳಿದಿರಬೇಕಿತ್ತು.

ಹೋದ ಸೋಮವಾರ ನಿನ್ನ ಯಜಮಾನರು ಕಡೂರಿನ ವಕೀಲ ಈರಭದ್ರಪ್ಪನವರನ್ನು ಜೊತೆಗೆ ಕರೆದುಕೊಂಡು ನನ್ನ ಮನೆಗೆ ಬಂದಿದ್ದರು. ವಕೀಲರೇ ಬುದ್ಧಿ ಹೇಳಿದರು. "ಪುಸ್ತಕದಾಗೆ ಹನ್ನೆರಡು ಇದೆಯಲ್ಲ, ಅದೇ ಒಳ್ಳೇದಾಯ್ತು! ಬೋರ್ಡಿಂಗಿನೋರು ಎರಡು ಕ್ಲಾಸು ಕೆಳಗೆ ಕೂರಿಸ್ಕೊತಾರೆ. ಓದಿದ್ದೇ ಪಾಠ, ಫಸ್ಟ್ ಬತ್ತಾಳೆ. ಮಹಾರಾಣಿ ಕಾಲೇಜು ಕೈಗೆ ಬಂದಂಗೇ." ನಾನು, ಈ ಊರಿನ ಸರ್ಕಾರಿ ಹೈಸ್ಕೂಲಿಗೇ ಸೇರಿಸಿ, ಅವಳಿಗೆ ಸಲ್ಲುವ ಕ್ಲಾಸಿನಲ್ಲೇ ಕೂರಲಿ ಎಂದೆ. ಅವರು ತೊಡೆ ತಟ್ಟಿ ನಕ್ಕರು. "ಅಮ್ಮಾವ್ರೇ, ತರೀಕೆರೆ ಹೈಸ್ಕೂಲಿನಿಂದ ಮಹಾರಾಣಿ ಕಾಲೇಜಿಗೆ ಹೋದ ಹುಡುಗೀನ ಒಬ್ಬಳನ್ನ ತೋರ್ಸಿ, ಈ ಕೋಟು ಬಿಚ್ಚಿ ನಿಮ್ಗೇ ಕೊಟ್ಬಿಡ್ತೀನಿ. ಕನ್ನಡ ಶಾಲೆ ಮೇಷ್ಟ್ರಮ್ಮಂಗೆ ಕಾಲೇಜಿನ ದಾರಿ ಎಲ್ಲಿ ಗೊತ್ತಾಗ್ಬೇಕು!" "ಕೋಟನ್ನ ನುಸಿ ಹಿಡೀದಂಗೆ ಇಟ್ಕೊಳ್ಳಿ ವಕೀಲರೇ, ಮೂರು ವರ್ಷಕ್ಕೆ ಇಸ್ಕೊಳ್ಳೋಕೆ ಬತ್ತೀನಿ" ಎಂದು ಕಳಿಸಿದೆ.

ಕೆಂಚಮ್ಮ, ನಾನು ಓದಿದ್ದು ಕನ್ನಡದಲ್ಲಿ, ಕಲಿಸಿದ್ದೂ ಕನ್ನಡದಲ್ಲಿ. ಕಾಲೇಜಿನ ಮೆಟ್ಟಿಲು ಹತ್ತಿದವಳಲ್ಲ. ಆದರೆ ಕೂಡುವುದು ಕಳೆಯುವುದು ಬಲ್ಲೆ. ಮೀನಾಕ್ಷಿಗೆ ಈಗ ಹದಿನಾಲ್ಕು. ಇಲ್ಲಿ ಮೂರು ವರ್ಷ ಓದಿದರೆ ಹದಿನೇಳಕ್ಕೆ ಕಾಲೇಜಿನ ಬಾಗಿಲಲ್ಲಿರುತ್ತಾಳೆ. ಅಲ್ಲಿ ಕೆಳಗೆ ಕೂತರೆ ಐದು ವರ್ಷ, ಹತ್ತೊಂಬತ್ತು. ನಿನ್ನ ಅತ್ತೆ ಕರಿಯಮ್ಮನವರು ಅಲ್ಲಿಯವರೆಗೆ ಕಾಯುತ್ತಾರೆಯೆ? ಅವರಿಗೆ ನನ್ನ ಪುಸ್ತಕ ಲೆಕ್ಕಕ್ಕಿಲ್ಲ. "ಬುಕ್ಕಾಂಬುಧಿ ಕೆರೆ ಕೋಡಿ ಬಿದ್ದ ವರ್ಷ ಹುಟ್ಟಿದ್ದು" ಎಂದು ಬೆರಳು ಮಡಿಸುತ್ತಾರೆ, ಮತ್ತು ಅವರ ಎಣಿಕೆಯೇ ಸರಿ. ಹುಡುಗನಿಗೆ ಎರಡು ವರ್ಷವೆಂದರೆ ಬರಿ ಎರಡು ವರ್ಷ. ಹುಡುಗಿಗೆ ಅದು ಒಂದು ಮದುವೆ. ಓದು ಮುಗಿಯುವ ಮೊದಲೇ ಬೆಂಗಳೂರಿನಿಂದ ಅವಳನ್ನು ಕರೆತರಲು ಹೋಗುವವರು ನಿನ್ನ ಯಜಮಾನರೇ ಆಗಿರುತ್ತಾರೆ.

ಇನ್ನು ಆ ಮೊದಲ ಸ್ಥಾನ. ತನಗಿಂತ ಚಿಕ್ಕ ಮಕ್ಕಳನ್ನು ಹಿಂದೆ ಹಾಕಿ ಗಳಿಸಿದ್ದನ್ನು ನನ್ನ ಶಾಲೆಯಲ್ಲಿ ಸ್ಥಾನವೆನ್ನುತ್ತಿರಲಿಲ್ಲ. ಹೋದ ವರ್ಷ ಅಂಕಗಣಿತದ ಪುಸ್ತಕದ ಕೊನೆಯಲ್ಲಿ ಅಚ್ಚಾದ ಉತ್ತರವೇ ತಪ್ಪೆಂದು ಮೀನಾಕ್ಷಿ ನನ್ನೆದುರು ನಿಂತು ವಾದಿಸಿದಳು. ಗದರಿಸಿ ಕಳಿಸಿ, ಮೂರು ಸಲ ಮಾಡಿ ನೋಡಿದೆ. ತಪ್ಪಿದ್ದು ಪುಸ್ತಕ. ಮರುದಿನ ಇಡೀ ತರಗತಿಯ ಮುಂದೆ ಹಾಗೆಂದು ಒಪ್ಪಿಕೊಂಡೆ. ಅಂಥ ಮಗುವನ್ನು ಹಳೆಯ ಪಾಠಕ್ಕೆ ಕಟ್ಟಿಹಾಕಿ, ಅದನ್ನು ಕಾಲೇಜಿನ ದಾರಿ ಎನ್ನುತ್ತಾರೆ!

ಹೈಸ್ಕೂಲಿನಲ್ಲಿ ಹುಡುಗರ ನಡುವೆ ಅವಳೊಬ್ಬಳೇ ಇರುತ್ತಾಳೆ, ನಿಜ. ಪಾಠಗಳೆಲ್ಲ ಇಂಗ್ಲಿಷಿನಲ್ಲಿ, ಅದೂ ನಿಜ. ಮೊದಲ ವರ್ಷ ತಿಣುಕುತ್ತಾಳೆ. ತಿಣುಕಲಿ. ನಾನು ಹೆಡ್‌ಮಾಸ್ಟರನ್ನು ಕಂಡು ಬಂದೆ. "ಕಿಟಕಿ ಪಕ್ಕ ಒಂದು ಬೆಂಚು ಬೇರೆ ಹಾಕಿಸ್ತೀನಮ್ಮ, ಪುಸ್ತಕದ ವಯಸ್ಸು ಮಾತ್ರ ಸರಿಯಿರ್ಲಿ, ಇಲ್ದಿದ್ರೆ ನಾಳೆ ಕಾಲೇಜಿನೋರು ಚಿಕ್ಕವಳು ಅಂತ ವಾಪಸ್ ಕಳಿಸ್ತಾರೆ" ಎಂದರು. ಅವಳು ಇರುವುದು ನನ್ನ ಮನೆಯಲ್ಲಿ, ಉಣ್ಣುವುದು ನನ್ನ ಅಡುಗೆಮನೆಯಲ್ಲಿ, ನನ್ನ ಪಕ್ಕದ ಮಣೆಯ ಮೇಲೆ. ನಮ್ಮ ಕೇರಿಯವರು ಏನೆನ್ನುತ್ತಾರೋ ಎಂದು ನೀನು ಅಳುಕಬೇಡ. ಒಲೆ ನನ್ನದು. ಹಬ್ಬಕ್ಕೆ ರೈಲು ಹತ್ತಿ ಬೀರೂರಿನಲ್ಲಿ ಬದಲಾಯಿಸಿದರೆ ಅಜ್ಜಂಪುರ ದೂರವೇನಲ್ಲ.

ಈ ದಿನ ಬೆಳಿಗ್ಗೆ ಶಾಲೆಗಳ ಇನ್‌ಸ್ಪೆಕ್ಟರಿಗೆ ನನ್ನ ಸುಳ್ಳನ್ನು ಒಪ್ಪಿಕೊಂಡು ಕಾಗದ ಬರೆದು, ಟಪಾಲಿಗೆ ಹಾಕಿ ಬಂದು ಇದನ್ನು ಬರೆಯುತ್ತಿದ್ದೇನೆ. ನಿನ್ನನ್ನು ಕೇಳಲಿಲ್ಲ, ಬರೆದ ಕೈ ನನ್ನದಾದ್ದರಿಂದ. ಪಿಂಚಣಿ ನಿಲ್ಲಿಸುವುದಾದರೆ ನಿಲ್ಲಿಸಲಿ. ಇಪ್ಪತ್ತೊಂಬತ್ತು ವರ್ಷದ ಹೆಸರು ಕೆಡುವುದಾದರೆ ಕೆಡಲಿ. ಒಬ್ಬ ಹುಡುಗಿಯ ಎರಡು ವರ್ಷವನ್ನು ಬಚ್ಚಿಟ್ಟು ಉಳಿಸಿಕೊಳ್ಳಬೇಕಾದ ಹೆಸರು ನನಗೆ ಬೇಡ.

ಇನ್ನುಳಿದದ್ದು ನಿನ್ನ ಕೆಲಸ. ಸೇರ್ಪಡೆಗೆ ಹದಿನೈದನೆಯ ತಾರೀಕು ಕಡೆಯ ದಿನ. ಅರ್ಜಿಗೆ ತಂದೆಯ ಸಹಿಯೇ ಆಗಬೇಕೆಂದಿಲ್ಲ, ತಾಯಿಯದೂ ನಡೆಯುತ್ತದೆ. ವಿಚಾರಿಸಿಯೇ ಬರೆಯುತ್ತಿದ್ದೇನೆ. ಅಂದು ಜಗಲಿಯಲ್ಲಿ ನಾನು ಆಡದೆ ಉಳಿಸಿದ ಮಾತನ್ನು ನಿನ್ನ ಮನೆಯ ಪಡಸಾಲೆಯಲ್ಲಿ ನೀನು ಆಡು.

ನಿನ್ನ ಮಗಳ ಬುದ್ಧಿ ಬೆಳೆಯಲಿ, ನಿನ್ನ ಧೈರ್ಯ ಅದಕ್ಕಿಂತ ಒಂದು ಗೇಣು ಮುಂದಿರಲಿ ಎಂದು ಹರಸುವ,

ನಿನ್ನ ಉಪಾಧ್ಯಾಯಿನಿ
ರಾಧಮ್ಮ

ಇದರೊಂದಿಗೆ ಇಟ್ಟಿರುವ ಕಾಗದಗಳು:

೧. ಇನ್‌ಸ್ಪೆಕ್ಟರಿಗೆ ಬರೆದ ತಪ್ಪೊಪ್ಪಿಗೆಯ ನಕಲು. ನಿನ್ನ ಹೆಸರು ಅದರಲ್ಲಿಲ್ಲ.

೨. ಮೀನಾಕ್ಷಿ ಹುಟ್ಟಿದ ದಿನಕ್ಕೆ ಅವಳು ಹುಟ್ಟಿದೂರು ಬುಕ್ಕಾಂಬುಧಿಯ ಪಟೇಲರು ಕೊಟ್ಟ ದಾಖಲೆ.

೩. ನೀನು ಅರ್ಧಕ್ಕೆ ಬಿಟ್ಟ ಭಾಗಾಕಾರ. ಅಂದೇ ಹಲಗೆಯಿಂದ ಕಾಗದಕ್ಕೆ ಇಳಿಸಿಕೊಂಡಿದ್ದೆ. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿದೆ.

೪. ಹೈಸ್ಕೂಲಿನ ಸೇರ್ಪಡೆ ಅರ್ಜಿ. ವಯಸ್ಸು ಹದಿನಾಲ್ಕು ಎಂದು ನಾನೇ ತುಂಬಿದ್ದೇನೆ. ಸಹಿಯ ಜಾಗ ಖಾಲಿ. ಮಸಿಯಲ್ಲಿ ಬರೆ, ಚಿತ್ತಿಲ್ಲದೆ.