ನಡುವೆ ನಿಲ್ಲುವ ನನ್ನ ತಮ್ಮ

ಸೇನೆಯ ವೈದ್ಯಕೀಯ ವಿಭಾಗದ ಹಿರಿಯ ಅಧಿಕಾರಿಗಳಿಗೆ,

ಮಾನ್ಯರೇ, ನನ್ನ ತಮ್ಮ ಆರೋಗ್ಯವಾಗಿದ್ದಾನೆ ಎಂದು ನಿಮ್ಮ ವಿಭಾಗ ಹೇಳುತ್ತಿದೆ. ಅವನೊಂದಿಗೆ ಒಂದೇ ಮನೆಯಲ್ಲಿರುವ ನಾನು ಇಲ್ಲವೆನ್ನುತ್ತಿದ್ದೇನೆ. ನಮ್ಮಿಬ್ಬರಲ್ಲಿ ಒಬ್ಬರು ಅವನನ್ನು ನೋಡಿಲ್ಲ.

ಪರದೇಶದಲ್ಲಿದ್ದ ಶಾಂತಿಪಾಲನಾ ಪಡೆಯಿಂದ ಅವನು ಮರಳಿದಾಗ ನೀವು ತಪಾಸಣೆ ನಡೆಸಿದ್ದು ನಿಜ. ಇಡೀ ತುಕಡಿಯನ್ನು ಸಭಾಂಗಣದಲ್ಲಿ ಕೂರಿಸಿ, ಕಮಾಂಡರ್ ಎದುರಿಗೇ, "ಯಾರಿಗಾದ್ರೂ ಮನಸ್ಸಿಗೆ ತೊಂದರೆ ಇದ್ರೆ ಕೈ ಎತ್ತಿ" ಎಂದಿರಂತೆ. ಒಂದು ಕೈಯೂ ಏಳಲಿಲ್ಲ. ಇಷ್ಟು ಬೇಗ ಇಷ್ಟು ಜನರನ್ನು ಗುಣಪಡಿಸಿದ ವೈದ್ಯರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮನೆಗೆ ಬಂದ ತಮ್ಮ ಹೊಸದೊಂದು ಅಭ್ಯಾಸ ತಂದಿದ್ದ. ಯಾರೇ ಜಗಳವಾಡಲಿ, ಹೋಗಿ ನಡುವೆ ನಿಲ್ಲುತ್ತಿದ್ದ. ಮಾತಿಲ್ಲ, ಕತೆಯಿಲ್ಲ, ಕೈ ಹಿಂದೆ ಕಟ್ಟಿಕೊಂಡು ನಿಲ್ಲುವುದು, ಅಷ್ಟೇ. ಪಕ್ಕದ ಮನೆಯವರು ಸ್ಕೂಟರ್ ನಿಲ್ಲಿಸುವ ಜಾಗಕ್ಕೆ ಕಿತ್ತಾಡಿದರೆ ಅಲ್ಲಿ. ಉಪ್ಪು ಹೆಚ್ಚಾಯಿತೆಂದು ನನ್ನ ಗಂಡ ಗೊಣಗಿದರೆ ಒಲೆಗೂ ಊಟದ ಮೇಜಿಗೂ ನಡುವೆ ಹಾಜರು. "ನಿನ್ನ ತಮ್ಮ ಇರೋವರೆಗೂ ನೆಮ್ಮದಿಯಾಗಿ ಜಗಳ ಆಡೋಕೂ ಆಗಲ್ಲ ಕಣೇ" ಎಂದು ಅವರು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಕಳೆದ ತಿಂಗಳು ನಾವಿಬ್ಬರೂ ಬಸ್ ನಿಲ್ದಾಣದಲ್ಲಿದ್ದಾಗ ಯಾರೋ ಒಬ್ಬ ತನ್ನ ಹೆಂಡತಿಯ ಕೆನ್ನೆಗೆ ಹೊಡೆದ. ಬಾಯಿಜಗಳಕ್ಕೆಲ್ಲ ಮುನ್ನುಗ್ಗುವ ತಮ್ಮ ಈ ಬಾರಿ ಕದಲಲಿಲ್ಲ. ಹೊಡೆದವನನ್ನು ಜನ ಹಿಡಿದುಕೊಂಡರು. ಇವನು ಕಂಬಕ್ಕೆ ಒರಗಿ ಕುಸಿದ. ಅಂಗಿಯೆಲ್ಲ ಬೆವರು.

"ಏನಾಯ್ತೋ?" ಎಂದೆ.

"ಅಲ್ಲೂ ಹೀಗೇ ಆಗಿತ್ತು ಅಕ್ಕಾ. ನೀರಿಗೆ ಸಾಲು ನಿಂತಿದ್ದ ಹೆಂಗಸರನ್ನ ಅಲ್ಲಿನ ಪುಂಡರು ಎಳೆದಾಡಿ ಹೊಡೀತಿದ್ರು. ನನ್ನ ಕೈಯಲ್ಲಿ ಬಂದೂಕಿತ್ತು. ಮಧ್ಯೆ ಹೋಗ್ಬೇಡಿ ಅಂತ ಆದೇಶ. ಒಬ್ಬಳು ನನ್ನ ಮುಖಾನೇ ನೋಡ್ತಿದ್ಲು. ನಾನು ಸುಮ್ನೆ ನಿಂತಿದ್ದೆ."

ನಿಮ್ಮ ಕಚೇರಿಗೆ ಹೋದೆ. ಗುಮಾಸ್ತರು ಬಹಳ ಸೌಜನ್ಯದಿಂದ, "ಅವರು ಯುದ್ಧಕ್ಕೇನೂ ಹೋಗಿರಲಿಲ್ಲವಲ್ಲ ಮೇಡಂ? ಒಂದು ಗುಂಡೂ ಹಾರಿಸಿಲ್ಲ. ಅವರಿಗೆಂಥ ಆಘಾತ?" ಎಂದರು. ಹಾರಿಸಲಾಗದೆ ಉಳಿದ ಗುಂಡು ಮನುಷ್ಯನೊಳಗೆ ಏನು ಮಾಡುತ್ತದೆಂದು ನಿಮ್ಮ ವೈದ್ಯಶಾಸ್ತ್ರ ಕಲಿಸುವುದಿಲ್ಲವೇ?

ಕೊನೆಗೆ ಊರಿನ ಮನೋವೈದ್ಯೆಯ ಬಳಿ ಕರೆದೊಯ್ದೆ. ಅವರೇನೂ ಪವಾಡ ಮಾಡಲಿಲ್ಲ. ಬಾಗಿಲು ಹಾಕಿಕೊಂಡು ಅವನ ಮಾತು ಕೇಳಿದರು. ಹೊರಬಂದವನು, "ಹಸಿವಾಗ್ತಿದೆ ಅಕ್ಕಾ" ಎಂದ. ಮರಳಿ ಬಂದಾಗಿನಿಂದ ಅವನ ಬಾಯಲ್ಲಿ ಆ ಮಾತು ಕೇಳಿರಲಿಲ್ಲ. ಪೂರ್ತಿ ಗುಣವಾಗಿಲ್ಲ, ಆದರೆ ಪ್ರತಿ ವಾರ ತಾನೇ ಹೋಗಿಬರುತ್ತಾನೆ.

ನನ್ನ ಬೇಡಿಕೆ ಸಣ್ಣದು. ಅವನೊಂದಿಗೆ ಮರಳಿದ ಉಳಿದವರನ್ನೂ ಒಬ್ಬೊಬ್ಬರಾಗಿ ಕರೆದು, ಅವಸರವಿಲ್ಲದ ಒಬ್ಬ ವೈದ್ಯರ ಮುಂದೆ ಕೂರಿಸಿ. ಮನೆಯವರನ್ನೂ ವಿಚಾರಿಸಿ; ನಿಮಗಿಂತ ಮೊದಲು ನಮಗೆ ತಿಳಿಯುತ್ತದೆ. ಇದಕ್ಕೊಂದು ಸಮಿತಿ ರಚಿಸುವ ಆಸೆಯನ್ನು ಮಾತ್ರ ದಯವಿಟ್ಟು ತಡೆದುಕೊಳ್ಳಿ. ಅವರಲ್ಲಿ ಕೆಲವರು ಅಷ್ಟು ದಿನ ಕಾಯಲಾರರು.

ಇಂತಿ,
ತಮ್ಮ ವಿಧೇಯಳಾಗಿರಲು ಇನ್ನೂ ಪ್ರಯತ್ನಿಸುತ್ತಿರುವ,
ತಮ್ಮನ ಅಕ್ಕ