ಚೌಕ ಚೌಕವಾಗಿ ಬಂದ ನೆರೆ ಎಚ್ಚರಿಕೆ

ನೆರೆ ಮುನ್ಸೂಚನೆಯ ಗಣಕ ವ್ಯವಸ್ಥೆಯನ್ನು ನಡೆಸುತ್ತಿರುವ ಮಾನ್ಯರೇ,

ಕಳೆದ ಶ್ರಾವಣದಲ್ಲಿ ನೀವು ನನ್ನ ಅಕ್ಕನ ಮೊಬೈಲಿಗೆ ಕಳಿಸಿದ ಎಚ್ಚರಿಕೆಯಲ್ಲಿ ಒಂದೇ ಒಂದು ಅಕ್ಷರವೂ ಇರಲಿಲ್ಲ. ಇದ್ದದ್ದು ಸಾಲು ಸಾಲು ಖಾಲಿ ಚೌಕಗಳು. ಅದನ್ನು ಓದಲಿಲ್ಲವೆಂದು ತಪ್ಪನ್ನು ಅವಳ ತಲೆಗೇ ಕಟ್ಟಿದ್ದೀರಿ. ಕಚೇರಿಗೆ ಬಂದು ಹೇಳಿದ್ದು ನಿಮ್ಮ ಕಿವಿಗೆ ಬೀಳದ್ದರಿಂದ ಊರೆಲ್ಲ ಓದಲಿ ಎಂದು ಈ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಅಕ್ಕ ಶಂಕ್ರೆವ್ವ ಜಮಖಂಡಿ ತಾಲೂಕಿನ ಹೊಳೆದಂಡೆಯ ಊರಿನವಳು. ಅನಕ್ಷರಸ್ಥೆ ಎಂದು ಕೈತೊಳೆದುಕೊಳ್ಳಬೇಡಿ. ಏಳನೆಯ ಇಯತ್ತೆ ಕಲಿತವಳು, ಊರಿಗೆ ಬರುವ ದಿನಪತ್ರಿಕೆಯನ್ನು ಮರಣವಾರ್ತೆಯವರೆಗೂ ಬಿಡದೆ ಓದುವವಳು. ಅವಳ ಹತ್ತಿರ ಇರುವುದು ಗುಂಡಿ ಒತ್ತುವ ಹಳೆಯ ಫೋನು. ಅಂದು ಬೆಳಗ್ಗೆ ಅದು ಗುಂಯ್ ಎಂದಾಗ ಗಂಡ ಬಸಗೊಂಡಪ್ಪನಿಗೆ ತೋರಿಸಿದಳು.

"ಏನ್ ಬಂದೈತಿ ನೋಡ್ರಿ, ಬರೇ ಚೌಕ ಚೌಕ."

"ಕಂಪನ್ಯಾವ್ರು ಏನರೆ ಕಳಿಸಿರ್ತಾರ, ಬಿಡ," ಎಂದು ಅವರು ಗಬ್ಬದ ಎಮ್ಮೆಯನ್ನು ಹೊಡೆದುಕೊಂಡು ಹೊಳೆಸಾಲಿನ ಹೊಲಕ್ಕೆ ಹೋದರು. ಎಮ್ಮೆಯನ್ನು ಗೂಟಕ್ಕೆ ಕಟ್ಟಿ ಮೇವು ಕೊಯ್ಯಲು ಕುಳಿತರು. ನೀರು ಎದುರಿನಿಂದ ಬಂದಿದ್ದರೆ ಕಾಣುತ್ತಿತ್ತೇನೋ. ಅದು ಹಳ್ಳದೊಳಗೆ ಹಿಮ್ಮುಖವಾಗಿ ಹರಿದು, ಊರಿಗೆ ಮರಳುವ ದಾರಿಯನ್ನೇ ನುಂಗಿ, ಬೆನ್ನ ಹಿಂದಿನಿಂದ ಬಂತು. ಎಮ್ಮೆಯ ಹತ್ತಿರ ಹೋಗಲು ನೋಡಿದರು, ಸೆಳವು ಬಿಡಲಿಲ್ಲ. ಬೇವಿನ ಮರ ಹತ್ತಿದರು. ಮಧ್ಯಾಹ್ನ ಅಂಬಿಗರು ದೋಣಿ ತಂದು ಇಳಿಸಿಕೊಳ್ಳುವವರೆಗೆ ಆ ಕೊಂಬೆಯ ಮೇಲೆಯೇ ಇದ್ದರು.

ಮನೆಗೆ ಬಂದವರು ಅಕ್ಕನಿಗೆ ಹೇಳಿದ್ದು ಇಷ್ಟೇ: "ನೀರು ಕೊರಳಿಗೆ ಬರೂತನ ನನ್ನ ನೋಡಿ ಒದರಿತ. ಹಗ್ಗ ಹರಕೊಳ್ಳಾಕ ಆಗಲಿಲ್ಲ ಅದಕ್ಕ." ಆಮೇಲೆ ತಿಂಗಳುಗಟ್ಟಲೆ ಅವರು ಕೊಟ್ಟಿಗೆಯ ಕಡೆ ತಲೆಹಾಕಲಿಲ್ಲ.

ಅಕ್ಕನ ಜೊತೆ ನಿಮ್ಮ ಕಚೇರಿಗೆ ಬಂದವಳು ನಾನೇ. ನೀವು ಪರದೆಯನ್ನು ನಮ್ಮತ್ತ ತಿರುಗಿಸಿ, ಅವಳ ಸಂಖ್ಯೆಯ ಮುಂದಿನ ಹಸಿರು ಗುರುತಿನ ಮೇಲೆ ಬೆರಳಿಟ್ಟಿರಿ. "ನೋಡಮ್ಮ, ಮೆಸೇಜ್ ತಲುಪಿದೆ."

"ತಲುಪೇತ್ರಿ ಸಾಹೇಬ್ರ, ನಾ ಇಲ್ಲ ಅನ್ನಂಗಿಲ್ಲ. ಏನ್ ತಲುಪೇತಿ ಅಂತ ನೀವಾ ಓದಿ ಹೇಳ್ರಿ," ಎಂದು ಅಕ್ಕ ಫೋನನ್ನು ಮೇಜಿನ ಮೇಲಿಟ್ಟಳು.

ನೀವು ಕನ್ನಡಕ ಹಾಕಿ ನೋಡಿದಿರಿ, ತೆಗೆದು ನೋಡಿದಿರಿ. ಕೊನೆಗೆ, "ಈ ಹ್ಯಾಂಡ್‌ಸೆಟ್‌ಗೆ ಕನ್ನಡ ಬರಲ್ಲ ಕಣಮ್ಮ, ಹೊಸದು ತಗೊಳ್ಳಿ" ಎಂದಿರಿ. ಎಂಥ ದಿವ್ಯ ಪರಿಹಾರ! ಹೊಳೆದಂಡೆಯ ಮನೆಮನೆಯಲ್ಲಿ ಇಂಥವೇ ಫೋನುಗಳಿವೆ ಎಂಬುದು ತಿಳಿಯಲು ನಿಮಗೆ ಉಪಗ್ರಹ ಬೇಕಾಗಿತ್ತೇ? ಒಮ್ಮೆ ಜೀಪಿನಿಂದ ಇಳಿದಿದ್ದರೆ ಸಾಲುತ್ತಿರಲಿಲ್ಲವೇ?

ಆದರೂ ಅಕ್ಕ ಸಂದೇಶದಲ್ಲಿ ಏನಿತ್ತೆಂದು ಕೇಳಿದಳು. ನೀವು ಪರದೆ ನೋಡಿ ಓದಿದಿರಿ: "ಜಲಾಶಯದ ಹೊರಹರಿವಿನ ಪ್ರಮಾಣದಲ್ಲಿ ಗಣನೀಯ ಹೆಚ್ಚಳದ ಸಂಭವನೀಯತೆ ಇರುವುದರಿಂದ ನದಿಪಾತ್ರದ ಸಾರ್ವಜನಿಕರು ಸೂಕ್ತ ಮುನ್ನೆಚ್ಚರಿಕೆ ವಹಿಸತಕ್ಕದ್ದು."

"ಅಂದ್ರ, ನೀರು ನಮ್ಮ ಹೊಲಕ್ಕ ಬರತಿತ್ತೋ ಇಲ್ಲೋ?"

ಮಾನ್ಯರೇ, ನೀವು ಅದೇ ಸಾಲನ್ನು ಮತ್ತೊಮ್ಮೆ ಓದಿದಿರಿ. ಫೋನಿಗೆ ಕನ್ನಡ ಬಂದಿದ್ದರೂ ಆ ಕನ್ನಡ ಅವಳನ್ನು ಕುಳಿತಲ್ಲಿಂದ ಎಬ್ಬಿಸುತ್ತಿರಲಿಲ್ಲ. ಯಾವ ಊರು, ಯಾವ ಹೊತ್ತು, ಎಲ್ಲಿಯವರೆಗೆ ನೀರು, ಈಗ ಏನು ಮಾಡಬೇಕು: ಜೀವ ಉಳಿಸುವ ಈ ನಾಲ್ಕು ಮಾತು ಬಿಟ್ಟು ಉಳಿದದ್ದೆಲ್ಲ ನಿಮ್ಮ ಸಂದೇಶದಲ್ಲಿತ್ತು. ಅದನ್ನು ಬರೆದದ್ದು ಮುಳುಗುವವರಿಗಾಗಿಯೋ, ನಾಳೆ ವಿಚಾರಣೆ ಬಂದರೆ ನೀವು ತೇಲುವುದಕ್ಕಾಗಿಯೋ?

ತಂತ್ರಜ್ಞಾನ ಇನ್ನೂ ಅಷ್ಟು ಬೆಳೆದಿಲ್ಲ ಎನ್ನುವಿರಾದರೆ ಅಕ್ಕನ ಮನೆಯಲ್ಲಿ ಒಂದು ದಿನ ಇದ್ದು ನೋಡಿ. ಫೋನಿಗೆ ಹಾಡು ಹಾಕಿಸಿಕೊಳ್ಳಿ ಎಂದು ಒಬ್ಬ ಹೆಣ್ಣುಮಗಳು ಹಾಲು ಕರೆಯುವ ಹೊತ್ತಿಗೇ ಕರೆ ಮಾಡುತ್ತಾಳೆ, ಸ್ವಚ್ಛ ಕನ್ನಡದಲ್ಲಿ. ಬೇಕಾದರೆ ಒಂದು ಒತ್ತಿ, ಬೇಡವಾದರೆ ಎರಡು ಒತ್ತಿ ಎನ್ನುತ್ತಾಳೆ. ಹಾಡು ಮಾರುವವರಿಗೆ ನಮ್ಮ ಜನರ ಕಿವಿ ಎಲ್ಲಿದೆ ಎಂಬುದು ಗೊತ್ತು. ಹೊಳೆ ಕಾಯುವ ನಿಮಗೆ ಗೊತ್ತಿಲ್ಲ.

ಆದ್ದರಿಂದ ನನ್ನ ಬೇಡಿಕೆ. ಈ ಮಳೆಗಾಲಕ್ಕೆ ಮುಂಚೆ ನಿಮ್ಮ ವ್ಯವಸ್ಥೆಯನ್ನು ತಿದ್ದಿ, ಅದನ್ನು ಕಟ್ಟಿದವರನ್ನು ಕರೆದುಕೊಂಡು ನಮ್ಮ ಅಕ್ಕನ ಮನೆಗೆ ಬನ್ನಿ. ಅಲ್ಲಿಂದಲೇ ಅವಳಿಗೆ ಎಚ್ಚರಿಕೆ ಕಳಿಸಿ. ಬಂದದ್ದು ಏನೆಂದು ವಿವರಿಸಲು ಯಾರೂ ಬಾಯಿ ತೆರೆಯಬೇಡಿ. ಸುಮ್ಮನೆ ಕುಳಿತು ಅವಳನ್ನೇ ನೋಡಿ. ಅವಳು ಎದ್ದು ಹೋಗಿ ದನಗಳ ಕಣ್ಣಿ ಬಿಚ್ಚಿದರೆ ಯಂತ್ರ ಸರಿಯಿದೆ. ಕುಳಿತೇ ಇದ್ದರೆ, ಅವಳನ್ನು ಬೈಯದೆ ಅದನ್ನು ಹೊತ್ತುಕೊಂಡು ವಾಪಸು ಹೋಗಿ, ಮತ್ತೆ ತಿದ್ದಿಕೊಂಡು ಬನ್ನಿ. ಚಹಾ ಎಷ್ಟು ಸಲವಾದರೂ ಮಾಡಿಕೊಡುತ್ತೇವೆ.

ಇಂತಿ,
ನಿಮ್ಮ ಪರದೆಯ ಮೇಲೆ ಕ್ಷೇಮವಾಗಿರುವ ಜನರ ಪೈಕಿ ಒಬ್ಬಳು,
ರಾಜಶ್ರೀ, ಬನಹಟ್ಟಿ